ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ

ಬೇಸಿಗೆಯ ರಜೆ ಸಮೀಪಿಸಿತೆಂದರೆ ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಲ್ಲಿ ವಿದೇಶ ಪ್ರವಾಸದ ಮಾತು ಕೇಳಿಬರತೊಡಗುತ್ತದೆ. ಒಂದು ಕಾಲದಲ್ಲಿ ರೋಮ್, ಲೂರ್ದು ಅಥವಾ ಪವಿತ್ರ ನಾಡಿನ ಯಾತ್ರೆಯೇ ಕಥೋಲಿಕ ಕುಟುಂಬವೊಂದು ಜೀವಮಾನದಲ್ಲಿ ಒಮ್ಮೆ ಕೈಗೊಳ್ಳುತ್ತಿದ್ದ ದೂರಪಯಣವಾಗಿತ್ತು. ಇಂದು ನೇಪಾಳ, ಥಾಯ್ಲೆಂಡ್, ಕಾಂಬೋಡಿಯ, ವಿಯೆಟ್ನಾಂಗಳು ಮಧ್ಯಮ ವರ್ಗದ ಕೈಗೆಟುಕುವ ದೇಶಗಳಾಗಿವೆ. ಇದು ಸಂತೋಷದ ಸಂಗತಿಯೇ. ಆದರೆ ಇಂಥ ಪ್ರವಾಸಗಳಲ್ಲಿ ಮಂದಿರ, ಮಾರುಕಟ್ಟೆ, ಕಡಲತೀರಗಳ ನಡುವೆ ಒಮ್ಮೊಮ್ಮೆ ಮತ್ತೊಂದು ಸ್ಥಳವೂ ಸೇರಿಕೊಳ್ಳುವುದುಂಟು. ಅದು ಮಕ್ಕಳ ಅನಾಥಾಲಯ. ಅರ್ಧ ದಿನದ ಭೇಟಿ, ಒಂದು ಮೂಟೆ ಅಕ್ಕಿ, ಒಂದಿಷ್ಟು ಪುಸ್ತಕ ಮತ್ತು ಮಿಠಾಯಿ, ಮಕ್ಕಳ ಒಂದು ನೃತ್ಯ, ಕೊನೆಗೆ ಎಲ್ಲರೂ ಸೇರಿ ಒಂದು ಛಾಯಾಚಿತ್ರ. ಮರಳಿ ಬಂದವರು ಇಡೀ ಪ್ರವಾಸದಲ್ಲಿ ಮನಸ್ಸನ್ನು ತಟ್ಟಿದ್ದು ಅದೊಂದೇ ಎಂದು ಹೇಳುವುದನ್ನು ನಾವು ಕೇಳಿದ್ದೇವೆ.

ಹಾಗೆ ಹೇಳುವವರ ಮನಸ್ಸು ನಿರ್ಮಲವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ವಿಲಾಸದ ನಡುವೆ ನೊಂದವರನ್ನು ನೆನೆಯುವ ಹೃದಯ ಅಪರೂಪದ್ದು. ಆದರೂ ಇಂಥ ಭೇಟಿಗಳನ್ನು ಕುರಿತು ಕಠಿಣವೆನಿಸಬಹುದಾದ ಒಂದು ಮಾತನ್ನು ಇಂದು ಹೇಳಬೇಕಾಗಿದೆ. ಪರದೇಶದಲ್ಲಿ ಪ್ರವಾಸಿಗರಾಗಿರುವಾಗ ಅನಾಥಾಲಯದ ಮಕ್ಕಳನ್ನು ನೋಡಲು ಹೋಗಬೇಡಿರಿ. ಆ ಮಕ್ಕಳ ಮೇಲೆ ನಿಮಗೆ ನಿಜವಾದ ಪ್ರೀತಿಯಿದ್ದರೆ ಹೋಗದಿರುವುದೇ ಆ ಪ್ರೀತಿಯ ಮೊದಲ ಹೆಜ್ಜೆ.

ಈ ಮಾತನ್ನು ಕೇಳಿದೊಡನೆ ಕೆಲವರು ಪವಿತ್ರ ಗ್ರಂಥವನ್ನು ನಮ್ಮ ಮುಂದೆ ಹಿಡಿಯಬಹುದು. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಸಂದರ್ಶಿಸುವುದು ದೇವರು ಮೆಚ್ಚುವ ಧರ್ಮಾಚರಣೆಯೆಂದು ಸಂತ ಯಕೋಬರು ತಮ್ಮ ಪತ್ರದ ಮೊದಲನೆಯ ಅಧ್ಯಾಯದ ಕೊನೆಯಲ್ಲಿ ಬೋಧಿಸಿಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ಬಳಕೆಯಾಗಿರುವ ಗ್ರೀಕ್ ಕ್ರಿಯಾಪದದ ಅರ್ಥವನ್ನು ನಾವು ಗಮನಿಸಬೇಕು. ‘ಎಪಿಸ್ಕೆಪ್ತೆಸ್ಥಾಯ್’ ಎಂಬ ಆ ಪದಕ್ಕೆ ಕೇವಲ ಹೋಗಿ ನೋಡಿ ಬರುವುದೆಂಬ ಅರ್ಥವಿಲ್ಲ. ವೈದ್ಯನು ರೋಗಿಯ ಬಳಿಗೆ ಹೋಗಿ ಪರಾಮರಿಸುವಂತೆ ಹೊಣೆಹೊತ್ತು ಗಮನಿಸುವುದೆಂದು ಅರ್ಥ. ಸಂತ ಮತ್ತಾಯರ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ರೋಗಿಯನ್ನು ಸಂದರ್ಶಿಸಿದ ಮಾತು ಬರುವಲ್ಲಿಯೂ ಇದೇ ಪದವಿದೆ. ಇದಕ್ಕೆ ಹತ್ತಿರದ ನೆಂಟನಾದ ಇನ್ನೊಂದು ಪದದಿಂದಲೇ ನಾವು ಧರ್ಮಾಧ್ಯಕ್ಷರೆಂದು ಕರೆಯುವ ಹಿರಿಯರ ಹೆಸರು ಹುಟ್ಟಿತು. ಕನ್ನಡದ ‘ಅಧ್ಯಕ್ಷ’ ಎಂಬ ಪದವೂ ಮೇಲೆ ಕಣ್ಣಿಟ್ಟು ಕಾಯುವವನನ್ನೇ ಸೂಚಿಸುತ್ತದೆ.

ನಮ್ಮ ಭಾಷೆ ಈ ವ್ಯತ್ಯಾಸವನ್ನು ಎಷ್ಟು ಸರಳವಾಗಿ ಹೇಳುತ್ತದೆ ನೋಡಿ. ‘ನೋಡು’ ಎಂಬ ಧಾತುವಿಗೆ ‘ಕೊಳ್ಳು’ ಸೇರಿದೊಡನೆ ಅರ್ಥವೇ ಬದಲಾಗಿಬಿಡುತ್ತದೆ. ಮಗುವನ್ನು ನೋಡುವುದು ಬೇರೆ, ಮಗುವನ್ನು ನೋಡಿಕೊಳ್ಳುವುದು ಬೇರೆ. ಮೊದಲನೆಯದಕ್ಕೆ ಅರ್ಧ ಗಂಟೆ ಸಾಕು. ಎರಡನೆಯದಕ್ಕೆ ಹದಿನೆಂಟು ವರ್ಷಗಳು ಬೇಕು. ಸಂತ ಯಕೋಬರು ಹೇಳಿದ್ದು ಎರಡನೆಯದನ್ನು.

ಅನಾಥ ಮಕ್ಕಳನ್ನು ನೋಡಲು ಹೋಗುವ ಅಭ್ಯಾಸ ಇಂದು ನಿನ್ನೆಯದಲ್ಲ. ಲಂಡನ್ ನಗರದಲ್ಲಿ ಥಾಮಸ್ ಕೋರಮ್ ಎಂಬ ನಾವಿಕನು ವರ್ಷಗಟ್ಟಲೆ ಬೇಡಿ 1739ರಲ್ಲಿ ರಾಜನಿಂದ ಸನ್ನದು ಪಡೆದು, ತ್ಯಜಿಸಲ್ಪಟ್ಟ ಶಿಶುಗಳಿಗಾಗಿ ಒಂದು ಆಶ್ರಯಧಾಮವನ್ನು ಸ್ಥಾಪಿಸಿದನು. 1741ರಲ್ಲಿ ಮೊದಲ ಶಿಶುಗಳು ಅಲ್ಲಿಗೆ ಬಂದವು. ಸಂಗೀತಗಾರ ಹ್ಯಾಂಡೆಲ್ ತನ್ನ ‘ಮೆಸ್ಸಾಯ’ ಕೃತಿಯನ್ನು 1750ರಿಂದ ಅಲ್ಲಿನ ಪ್ರಾರ್ಥನಾಲಯದಲ್ಲಿ ನುಡಿಸಿ ಧನಸಂಗ್ರಹಕ್ಕೆ ನೆರವಾದನು. ಕಾಲಕ್ರಮದಲ್ಲಿ ಭಾನುವಾರದಂದು ಅಲ್ಲಿಗೆ ಹೋಗುವುದು ನಗರದ ಸಿರಿವಂತರಿಗೆ ಒಂದು ವಾಡಿಕೆಯಾಯಿತು. ಸಮವಸ್ತ್ರ ತೊಟ್ಟ ಮಕ್ಕಳು ಹಾಡುವುದನ್ನು ಕೇಳಿ, ಬಳಿಕ ಅವರು ಸಾಲಾಗಿ ಕುಳಿತು ಊಟ ಮಾಡುವುದನ್ನು ನಿಂತು ನೋಡಿ ಮನೆಗೆ ಮರಳುವುದು. ಊಟ ಮಾಡುವ ಮಕ್ಕಳನ್ನು ಸಾಲಾಗಿ ನಿಂತು ನೋಡುವ ದೊಡ್ಡವರ ಚಿತ್ರಗಳು ಇಂದಿಗೂ ಉಳಿದಿವೆ. ಆ ನೋಟದಲ್ಲಿ ಕ್ರೌರ್ಯವಿರಲಿಲ್ಲ, ಕರುಣೆಯೇ ಇತ್ತು. ಆದರೆ ನಮ್ಮ ಮನೆಯ ಊಟದ ಹೊತ್ತಿನಲ್ಲಿ ಅಪರಿಚಿತರು ಗೋಡೆಯ ಪಕ್ಕ ನಿಂತು ನಮ್ಮ ಮಕ್ಕಳನ್ನು ಕರುಣೆಯಿಂದ ದಿಟ್ಟಿಸಿದರೆ ನಾವು ಒಪ್ಪುತ್ತೇವೆಯೇ?

ಇದೇ ಇತಿಹಾಸಕ್ಕೆ ಮತ್ತೊಂದು ಮುಖವಿದೆ. ಇಟಲಿಗೆ ಯಾತ್ರೆ ಹೋಗುವವರು ಫ್ಲಾರೆನ್ಸ್ ನಗರದಲ್ಲಿ ‘ಇನ್ನೊಚೆಂತಿ’ ಎಂಬ ಕಟ್ಟಡವನ್ನು ಕಾಣಬಹುದು. ಅಬೋಧ ಶಿಶುಗಳೆಂದು ಆ ಪದದ ಅರ್ಥ. ಬ್ರುನೆಲ್ಲೆಸ್ಕಿಯ ವಿನ್ಯಾಸದಂತೆ 1419ರಲ್ಲಿ ಕಟ್ಟಲಾರಂಭಿಸಿದ ಆ ಆಶ್ರಯಧಾಮಕ್ಕೆ 1445ರ ಫೆಬ್ರವರಿಯಲ್ಲಿ ಮೊದಲ ಹೆಣ್ಣುಶಿಶು ಬಂದಿತು. ಇಂದು ಅಲ್ಲಿ ಒಂದು ವಸ್ತುಸಂಗ್ರಹಾಲಯವಿದೆ. ಅಲ್ಲಿನ ಪುಟ್ಟ ಪೆಟ್ಟಿಗೆಗಳಲ್ಲಿ ಅರ್ಧಕ್ಕೆ ಮುರಿದ ಪದಕಗಳು, ಮಣಿಗಳು, ಬಟ್ಟೆಯ ಚೂರುಗಳಿವೆ. ಶಿಶುವನ್ನು ಬಿಟ್ಟುಹೋಗುವಾಗ ತಾಯಿಯು ಪದಕದ ಒಂದು ಅರ್ಧವನ್ನು ಶಿಶುವಿನೊಡನೆ ಇಟ್ಟು ಇನ್ನೊಂದನ್ನು ತಾನು ಇಟ್ಟುಕೊಳ್ಳುತ್ತಿದ್ದಳು; ಮುಂದೊಂದು ದಿನ ಎರಡನ್ನೂ ಜೋಡಿಸಿ ತನ್ನ ಮಗುವನ್ನು ಮರಳಿ ಪಡೆಯಬಹುದೆಂಬ ಆಸೆಯಿಂದ. ಲಂಡನ್ನಿನಲ್ಲಿಯೂ ಇಂಥ ಗುರುತುಗಳು ಉಳಿದಿವೆ. ಆ ಮುರಿದ ಪದಕ ನಮಗೆ ಒಂದು ಸತ್ಯವನ್ನು ಸಾರುತ್ತದೆ: ಅನಾಥನೆಂದು ನಾವು ಕರೆಯುವ ಮಗುವಿನ ಹಿಂದೆ, ಬಹುಮಟ್ಟಿಗೆ, ಬದುಕಿರುವ ಒಬ್ಬ ತಾಯಿಯಿದ್ದಾಳೆ. ಅವಳಿಗಿದ್ದ ಕೊರತೆ ಪ್ರೀತಿಯದಲ್ಲ, ಅನ್ನದ್ದು.

ಈ ಸತ್ಯ ನಮ್ಮ ಕಾಲಕ್ಕೂ ಅನ್ವಯಿಸುತ್ತದೆಯೇ ಎಂಬುದಕ್ಕೆ ಕಾಂಬೋಡಿಯ ದೇಶವೇ ಉತ್ತರ. 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತದಲ್ಲಿ ಆ ಪುಟ್ಟ ದೇಶ ಸುಮಾರು 15ರಿಂದ 20 ಲಕ್ಷ ಜನರನ್ನು ಕಳೆದುಕೊಂಡಿತು. ಅಂದು ಅಲ್ಲಿ ಅನಾಥ ಮಕ್ಕಳಿದ್ದುದು ಸಹಜ. ಆದರೆ ಆ ಮಕ್ಕಳು ಇಂದು ಐವತ್ತರ ಆಸುಪಾಸಿನ ಹಿರಿಯರು. ಶಾಂತಿ ನೆಲೆಸಿ, ಬಡತನ ಇಳಿಮುಖವಾಗಿ, ಅನಾಥರ ಸಂಖ್ಯೆ ಕಡಿಮೆಯಾಗಬೇಕಾದ ಕಾಲದಲ್ಲಿ ಅಲ್ಲಿ ಅನಾಥಾಲಯಗಳು ಹೆಚ್ಚಿದವು. ಯುನಿಸೆಫ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 2005ರಲ್ಲಿ 154 ಇದ್ದ ಇಂಥ ಸಂಸ್ಥೆಗಳು 2010ರ ಹೊತ್ತಿಗೆ 269 ಆಗಿದ್ದವು. ಅವುಗಳಲ್ಲಿದ್ದ ನಾಲ್ವರು ಮಕ್ಕಳಲ್ಲಿ ಸುಮಾರು ಮೂವರಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಅನಾಥರಿಲ್ಲದೆ ಅನಾಥಾಲಯಗಳು ಬೆಳೆದದ್ದು ಹೇಗೆ?

ಉತ್ತರ ನಮಗೆ ಮುಜುಗರ ತರುವಂಥದು. ಬೆಳೆದದ್ದು ಪ್ರವಾಸಿಗರ ಸಂಖ್ಯೆ. ಅಂಕೋರ್ ದೇಗುಲಗಳು 1992ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2018ರ ಒಂದೇ ವರ್ಷದಲ್ಲಿ ಅವುಗಳನ್ನು ನೋಡಲು ಬಂದ ವಿದೇಶಿಗರು 25 ಲಕ್ಷಕ್ಕೂ ಮಿಕ್ಕಿದ್ದರು. ದೇಗುಲಗಳಿರುವ ಸಿಯೆಮ್ ರೀಪ್ ಪಟ್ಟಣದಲ್ಲಿ ಅನಾಥಾಲಯದ ಭೇಟಿಯೂ ಒಂದು ನೋಟವಾಯಿತು. ಎಲ್ಲಿ ಕರುಣೆ ಹಣವನ್ನು ಹಿಡಿದುಕೊಂಡು ಬರುತ್ತದೆಯೋ ಅಲ್ಲಿ ಕರುಣೆಗೆ ಪಾತ್ರರಾಗುವವರನ್ನು ಒದಗಿಸುವವರೂ ಹುಟ್ಟಿಕೊಳ್ಳುತ್ತಾರೆ. ಹಳ್ಳಿಯ ಬಡ ರೈತನ ಬಳಿಗೆ ಹೋಗಿ, ನಿನ್ನ ಮಗನಿಗೆ ಪಟ್ಟಣದಲ್ಲಿ ವಿದ್ಯೆಯನ್ನೂ ಮೂರು ಹೊತ್ತಿನ ಊಟವನ್ನೂ ಕೊಡುತ್ತೇವೆ ಎಂದರೆ ಯಾವ ತಂದೆ ಬೇಡವೆಂದಾನು? ಮಗುವಿನ ಒಳಿತಿಗಾಗಿಯೇ ಅವನು ಕಳುಹಿಸುತ್ತಾನೆ. ಪಟ್ಟಣಕ್ಕೆ ಬಂದ ಮೇಲೆ ಆ ಮಗು ಅನಾಥನಾಗುತ್ತದೆ. ಎಲ್ಲ ಸಂಸ್ಥೆಗಳೂ ಹೀಗಿದ್ದವೆಂದು ನಾವು ಹೇಳುವುದಿಲ್ಲ. ಆದರೆ ಅರ್ಧ ಗಂಟೆಗೆಂದು ಬಂದ ಪ್ರವಾಸಿಗೆ ಸತ್ಪಾತ್ರ ಯಾವುದು, ವ್ಯಾಪಾರ ಯಾವುದು ಎಂದು ತಿಳಿಯುವ ಬಗೆಯೇನು? ಕೆಲವು ಕಡೆ ಮಕ್ಕಳನ್ನು ಉದ್ದೇಶಪೂರ್ವಕವಾಗಿ ಬಡತನದಲ್ಲೇ ಇಡಲಾಗುತ್ತಿತ್ತೆಂಬುದೂ ಬೆಳಕಿಗೆ ಬಂದಿದೆ. ಹೊಟ್ಟೆ ತುಂಬಿದ ಮಗು ಹಣ ತರಲಾರದಷ್ಟೆ.

ಕಾಂಬೋಡಿಯ ಸರಕಾರವು ಮುಂದೆ ಎಚ್ಚೆತ್ತಿತು. 2015ರಲ್ಲಿ ಇಂಥ ಸಂಸ್ಥೆಗಳ ಮೇಲ್ವಿಚಾರಣೆಗೆ ನಿಯಮಗಳನ್ನು ರೂಪಿಸಿ, ದೇಶದಾದ್ಯಂತ ಗಣತಿ ನಡೆಸಿ, ಮಕ್ಕಳನ್ನು ಮನೆಗಳಿಗೆ ಮರಳಿಸುವ ಕಾರ್ಯವನ್ನು ಕೈಗೊಂಡಿತು. ಅನೇಕ ಸಂಸ್ಥೆಗಳು ಮುಚ್ಚಿದವು. ಇನ್ನು ಕೆಲವು ತಮ್ಮ ಕೊಠಡಿಗಳನ್ನು ಬಿಟ್ಟು ಹಳ್ಳಿಗಳಲ್ಲಿ ಕುಟುಂಬಗಳಿಗೆ ನೆರವಾಗುವ ಕೆಲಸಕ್ಕೆ ತಿರುಗಿದವು. ಮಕ್ಕಳು ಪ್ರವಾಸಿ ಆಕರ್ಷಣೆಗಳಲ್ಲವೆಂಬ ಘೋಷಣೆಯ ಫಲಕಗಳು ಅಲ್ಲಿನ ಬೀದಿಗಳಲ್ಲಿ ಕಾಣಿಸಿಕೊಂಡವು. ಹೀಗೊಂದು ಫಲಕ ಬೇಕಾಯಿತೆಂಬುದೇ ಯೋಚಿಸಬೇಕಾದ ವಿಷಯ.

ನೆರೆಯ ನೇಪಾಳದ ಕತೆಯೂ ಭಿನ್ನವಲ್ಲ. 1996ರಿಂದ 2006ರವರೆಗಿನ ಆಂತರಿಕ ಯುದ್ಧದ ಕಾಲದಲ್ಲಿ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಂದ ಮಕ್ಕಳನ್ನು ಸುರಕ್ಷತೆಯ ಭರವಸೆ ನೀಡಿ ಕಠ್ಮಂಡುವಿಗೆ ತಂದವರು ತಂದೆತಾಯಿಗಳಿಂದ ಹಣವನ್ನೂ ಪಡೆದರು, ಮಕ್ಕಳನ್ನು ತೋರಿಸಿ ವಿದೇಶಿಗರಿಂದಲೂ ಪಡೆದರು. ಆ ದೇಶದ ಅನಾಥಾಲಯಗಳು ಬಡತನ ಹೆಚ್ಚಿರುವ ಜಿಲ್ಲೆಗಳಲ್ಲಿಲ್ಲ. ಅವುಗಳಲ್ಲಿ ಹೆಚ್ಚಿನವು ಪ್ರವಾಸಿಗರು ಹೆಚ್ಚಾಗಿ ಬರುವ ಕಠ್ಮಂಡು ಕಣಿವೆ, ಪೋಖರಾ, ಚಿತ್ವಾನ್‌ಗಳ ಸುತ್ತ ಇವೆಯೆಂಬ ಒಂದೇ ಸಂಗತಿ ಎಲ್ಲವನ್ನೂ ಹೇಳುತ್ತದೆ. ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಕಿಲ್ಲವಾದ್ದರಿಂದ ನಮ್ಮವರು ಇದನ್ನು ಅರಿತಿರುವುದು ಒಳಿತು.

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಗುರುಮಿತ್ರರೊಡನೆ ಅಂಕೋರ್ ನೋಡಲು ಹೋಗಿದ್ದೆವು. ದೇಗುಲಗಳನ್ನು ಸುತ್ತಿಸಿದ ಟುಕ್‌ಟುಕ್ ಚಾಲಕನು ಸಂಜೆ, ಇಲ್ಲಿಗೆ ಹತ್ತಿರದಲ್ಲೇ ಅನಾಥ ಮಕ್ಕಳಿದ್ದಾರೆ, ನೀವು ದೇವರ ಕೆಲಸದವರು, ನೋಡಿ ಹೋಗಿರಿ ಎಂದನು. ಆ ಮಕ್ಕಳ ತಂದೆತಾಯಿಗಳಿಗೆ ಏನಾಯಿತು ಎಂದು ಕೇಳಿದೆವು. ಅವನು ಸ್ವಲ್ಪವೂ ಅಳುಕದೆ, ಊರಿನಲ್ಲಿದ್ದಾರೆ, ಭತ್ತ ಬೆಳೆಯುತ್ತಾರೆ ಎಂದನು. ಅವನ ದೃಷ್ಟಿಯಲ್ಲಿ ಇದರಲ್ಲಿ ಯಾವ ವಿರೋಧಾಭಾಸವೂ ಇರಲಿಲ್ಲ. ಅನಾಥ ಎಂಬುದು ಅಲ್ಲಿ ಆಗಲೇ ಒಂದು ಉದ್ಯೋಗದ ಹೆಸರಾಗಿತ್ತು. ನಾವು ಅವನಿಗೆ ವಂದಿಸಿ ವಸತಿಗೆ ಮರಳಿದೆವು.

ಮರುದಿನ, ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದ ಬೇರೊಂದು ಸಂಸ್ಥೆಗೆ ಹೋದೆವು. ಅಲ್ಲಿನ ಮುಖ್ಯಸ್ಥೆ ನಮ್ಮನ್ನು ಕಚೇರಿಯಲ್ಲಿ ಕುಳ್ಳಿರಿಸಿ ಚಹಾ ಕೊಟ್ಟರು. ಗೋಡೆಯಾಚೆ ಮಕ್ಕಳ ಧ್ವನಿ ಕೇಳುತ್ತಿತ್ತು. ನಮ್ಮಲ್ಲೊಬ್ಬರು, ಮಕ್ಕಳಿಗೆ ಆಶೀರ್ವಾದ ನೀಡಬಹುದೇ ಎಂದು ಕೇಳಿದರು. ಆಕೆ ನಗುತ್ತಲೇ, ನಿಮ್ಮ ಆಶೀರ್ವಾದ ಗೋಡೆ ದಾಟಿ ಹೋಗಬಲ್ಲದು, ಮಕ್ಕಳು ಓದುತ್ತಿದ್ದಾರೆ ಎಂದರು. ಆಮೇಲೆ ಒಂದು ಗಂಟೆ ಕಾಲ ಯಾವ ಮಗುವನ್ನು ಯಾವ ಹಳ್ಳಿಗೆ ಮರಳಿಸಿದೆವು, ಯಾವ ಅಜ್ಜಿಗೆ ಕೋಳಿ ಸಾಕಲು ಹಣ ಕೊಟ್ಟೆವು, ಯಾವ ಮನೆಗೆ ಮಳೆಗಾಲದ ಮೊದಲು ಛಾವಣಿ ಹಾಕಿಸಿದೆವು ಎಂಬುದನ್ನು ವಿವರಿಸಿದರು. ಒಂದು ಮಗುವಿನ ಮುಖವನ್ನೂ ನಾವು ಕಾಣಲಿಲ್ಲ. ನಾವು ಕಂಡ ಮಕ್ಕಳ ಮನೆಗಳಲ್ಲೆಲ್ಲ ಉತ್ತಮವಾದುದು ಅದೇ.

ಆ ಮಹಿಳೆಯ ನಿಷ್ಠುರತೆಯ ಹಿಂದೆ ಒಂದು ದೊಡ್ಡ ತಿಳಿವಳಿಕೆಯಿದೆ. ಅನಾಥಾಲಯದ ಬಾಗಿಲು ತೆರೆದೊಡನೆ ಪುಟ್ಟ ಮಕ್ಕಳು ಓಡಿಬಂದು ಅಪರಿಚಿತರ ಕೈಹಿಡಿಯುತ್ತಾರೆ, ಮಡಿಲೇರುತ್ತಾರೆ, ಹೋಗಬೇಡಿರೆಂದು ಅಳುತ್ತಾರೆ. ಎಷ್ಟು ಪ್ರೀತಿಯ ಮಕ್ಕಳು ಎಂದು ನಾವು ಕರಗಿಹೋಗುತ್ತೇವೆ. ಆದರೆ ನಿಮ್ಮ ಮನೆಯ ಮೂರು ವರ್ಷದ ಮಗು ಹೊಸಬರನ್ನು ಕಂಡಾಗ ಏನು ಮಾಡುತ್ತದೆ? ತಾಯಿಯ ಸೆರಗಿನ ಹಿಂದೆ ಅಡಗುತ್ತದೆ. ಅಡಗಲು ಒಂದು ಸೆರಗಿದೆಯೆಂಬುದೇ ಅದರ ಭಾಗ್ಯ. ಯಾರನ್ನು ಕಂಡರೂ ಓಡಿ ಅಪ್ಪಿಕೊಳ್ಳುವ ಮಗುವಿನಲ್ಲಿ ನಾವು ಕಾಣುವುದು ಪ್ರೀತಿಯ ಸಮೃದ್ಧಿಯನ್ನಲ್ಲ, ತನ್ನವರೆಂಬ ಒಬ್ಬರೂ ಇಲ್ಲದ ಕೊರತೆಯನ್ನು. ಅದು ಗಾಯ. ನಾವು ಆ ಗಾಯವನ್ನು ಸ್ವಾಗತವೆಂದು ತಿಳಿಯುತ್ತೇವೆ. ಎರಡು ದಿನ ಅಥವಾ ಎರಡು ವಾರ ಅದರ ಜೊತೆಗಿದ್ದು ಹೊರಟುಬಿಟ್ಟರೆ, ತನ್ನನ್ನು ತೊರೆದವರ ಪಟ್ಟಿಗೆ ಆ ಮಗು ಇನ್ನೊಂದು ಹೆಸರನ್ನು ಸೇರಿಸಿಕೊಳ್ಳುತ್ತದೆ.

ಇದು ನಮ್ಮ ಊಹೆಯಲ್ಲ. ಎರಡನೆಯ ಮಹಾಯುದ್ಧದ ತರುವಾಯ ಮನೆಮಠ ಕಳೆದುಕೊಂಡ ಮಕ್ಕಳನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು ಜಾನ್ ಬೌಲ್ಬಿ ಎಂಬ ಬ್ರಿಟಿಷ್ ವೈದ್ಯರಿಂದ ವರದಿಯನ್ನು ಬರೆಸಿತು. 1951ರಲ್ಲಿ ಪ್ರಕಟವಾದ ಆ ವರದಿಯು, ಶಿಶುವಿನ ಮನಸ್ಸಿಗೆ ಸ್ಥಿರವಾದ ಒಬ್ಬ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವವರ ಆಸರೆ ಅನ್ನದಷ್ಟೇ ಅವಶ್ಯಕವೆಂದು ಸಾರಿತು. ರುಮೇನಿಯದಲ್ಲಿ 1989ರ ಡಿಸೆಂಬರಿನಲ್ಲಿ ಚೌಷೆಸ್ಕು ಆಡಳಿತ ಕುಸಿದಾಗ, ಲಕ್ಷಕ್ಕೂ ಹೆಚ್ಚು ಮಕ್ಕಳು ಸರಕಾರಿ ಸಂಸ್ಥೆಗಳಲ್ಲಿ ಬೆಳೆಯುತ್ತಿದ್ದುದು ಜಗತ್ತಿಗೆ ತಿಳಿಯಿತು. ಮುಂದೆ ಬುಖಾರೆಸ್ಟ್ ನಗರದಲ್ಲಿ ಅಮೆರಿಕದ ವಿಜ್ಞಾನಿಗಳು 136 ಶಿಶುಗಳನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬಕ್ಕೆ ಸೇರಿದ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವುದರೊಳಗೆ ಸೇರಿದವರು, ಬುದ್ಧಿಯಲ್ಲಿಯೂ ಭಾವನೆಯಲ್ಲಿಯೂ ಸಂಸ್ಥೆಯಲ್ಲಿ ಉಳಿದವರಿಗಿಂತ ಮುಂದೆ ಬಂದರು. ಹಾಸಿಗೆ, ಆಹಾರ, ಔಷಧಿಗಳಷ್ಟೇ ಮಗುವನ್ನು ಬೆಳೆಸಲಾರವು.

ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದ ಒಂದು ವಿಚಾರವನ್ನು ಇಲ್ಲಿ ನೆನೆಯಬಹುದು. ಜರ್ಮನಿಯ ದಾರ್ಶನಿಕ ಕಾಂಟ್ 1785ರ ತನ್ನ ನೀತಿಗ್ರಂಥದಲ್ಲಿ, ಯಾವ ಮನುಷ್ಯನನ್ನೂ ಕೇವಲ ಸಾಧನವಾಗಿ ಬಳಸಲಾಗದು, ಅವನು ಸ್ವತಃ ಗುರಿಯಾಗಿಯೇ ಪರಿಗಣಿತನಾಗಬೇಕು ಎಂಬ ತತ್ತ್ವವನ್ನು ಪ್ರತಿಪಾದಿಸಿದನು. ದುಷ್ಟನೊಬ್ಬನು ಬಡವನನ್ನು ತನ್ನ ಲಾಭಕ್ಕೆ ಬಳಸಿಕೊಂಡಾಗ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಜ್ಜನನೊಬ್ಬನು ಬಡವನನ್ನು ತನ್ನ ಮನಸ್ಸಿನ ತೃಪ್ತಿಗಾಗಿ ಬಳಸಿಕೊಂಡಾಗ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ನಮ್ಮ ಮಕ್ಕಳಿಗೆ ಬಡತನದ ಅರಿವಾಗಲಿ ಎಂಬ ಸದುದ್ದೇಶದಿಂದ ಅನಾಥಾಲಯಕ್ಕೆ ಕರೆದೊಯ್ಯುತ್ತೇವೆ ಎನ್ನುವ ತಂದೆತಾಯಿಗಳಿದ್ದಾರೆ. ಅವರನ್ನು ನಾವು ಸವಿನಯವಾಗಿ ಕೇಳುತ್ತೇವೆ: ನಿಮ್ಮ ಮಗುವಿನ ಪಾಠಕ್ಕೆ ಇನ್ನೊಬ್ಬರ ಮಗು ಪಠ್ಯಪುಸ್ತಕವಾಗಬೇಕೇ?

ಇಲ್ಲಿ ನ್ಯಾಯವಾದ ಆಕ್ಷೇಪಗಳೂ ಏಳುತ್ತವೆ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳಿಲ್ಲವೇ? ಇದ್ದಾರೆ. ಮನೆಯಲ್ಲಿಯೇ ಹಿಂಸೆಗೆ ಒಳಗಾಗಿ ಬೇರೆ ಕಡೆ ಆಶ್ರಯ ಬೇಕಾದ ಮಕ್ಕಳಿಲ್ಲವೇ? ಅವರೂ ಇದ್ದಾರೆ. ಅಂಥವರಿಗಾಗಿ ಬಾಳನ್ನೇ ಸವೆಸಿದ ಧರ್ಮಭಗಿನಿಯರನ್ನು ನಾವು ಬಲ್ಲೆವು. ಅವರ ಸೇವೆಯನ್ನು ಕಿರಿದುಗೊಳಿಸುವ ಉದ್ದೇಶ ನಮಗೆ ಎಳ್ಳಷ್ಟೂ ಇಲ್ಲ. ಅವರು ಮಕ್ಕಳನ್ನು ನೋಡಲು ಬಂದವರಲ್ಲ, ನೋಡಿಕೊಳ್ಳಲು ನಿಂತವರು. ಮತ್ತೊಂದು ಆಕ್ಷೇಪ ಇನ್ನೂ ತೀಕ್ಷ್ಣವಾದುದು: ನಾವು ಹೋಗದಿದ್ದರೆ ಹಣ ನಿಲ್ಲುತ್ತದೆ, ಹಣ ನಿಂತರೆ ಈಗಾಗಲೇ ಅಲ್ಲಿರುವ ಮಕ್ಕಳು ಹಸಿಯುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದ್ದರಿಂದಲೇ ನಾವು ಹೇಳುತ್ತಿರುವುದು ಕೈಯನ್ನು ಮುಚ್ಚಿರೆಂದಲ್ಲ. ಕೊಡುವ ಹಣ ಮಗುವನ್ನು ಮನೆಯಿಂದ ಸೆಳೆಯದೆ ಮನೆಗೆ ಮರಳಿಸುವಂತೆ ಅದರ ದಾರಿಯನ್ನು ಬದಲಿಸಿರೆಂದು.

ಧರ್ಮಸಭೆಯ ಪರಂಪರೆಯಲ್ಲಿಯೇ ಈ ದಾರಿಗೆ ಸಾಕ್ಷಿಗಳಿವೆ. ಸಂತ ವಿನ್ಸೆಂಟ್ ದೆ ಪಾಲ್‌ರು 1638ರಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ತ್ಯಜಿಸಲ್ಪಟ್ಟ ಶಿಶುಗಳ ಹೊಣೆ ಹೊತ್ತಾಗ, ಅನೇಕ ಶಿಶುಗಳನ್ನು ಹಳ್ಳಿಗಳ ದಾದಿಯರ ಮನೆಗಳಲ್ಲಿ ಬೆಳೆಸುವ ವ್ಯವಸ್ಥೆ ಮಾಡಿದರು. ನಮ್ಮ ಕಾಲದಲ್ಲಿ ಉಗಾಂಡ ದೇಶದ ಧರ್ಮಭಗಿನಿಯರು 2016ರಿಂದ ಒಂದು ಚಳವಳಿಯನ್ನೇ ಆರಂಭಿಸಿದ್ದಾರೆ. ತಾವು ನಡೆಸುತ್ತಿದ್ದ ಮಕ್ಕಳ ಮನೆಗಳಲ್ಲಿನ ಮಕ್ಕಳ ಬಂಧುಗಳನ್ನು ಹುಡುಕಿ, ಸಿಬ್ಬಂದಿಗೆ ಸಮಾಜಕಾರ್ಯದ ತರಬೇತಿ ನೀಡಿ, ಸಾಧ್ಯವಿರುವಲ್ಲೆಲ್ಲ ಕುಟುಂಬಕ್ಕೆ ಮರಳಿಸುತ್ತಿದ್ದಾರೆ. ತಾವೇ ಕಟ್ಟಿದ ಮನೆಯನ್ನು ಮಕ್ಕಳ ಒಳಿತಿಗಾಗಿ ಬರಿದು ಮಾಡಲು ಎಂಥ ತ್ಯಾಗಬುದ್ಧಿ ಬೇಕು! ಈ ವಿವೇಕ ನಮ್ಮ ನಾಡಿಗೂ ಅಪರಿಚಿತವಲ್ಲ. ಪುಣ್ಯಕೋಟಿಯ ಕತೆಯನ್ನು ಕೇಳದ ಕನ್ನಡ ಮಗುವುಂಟೇ? ಹುಲಿಯ ಬಳಿಗೆ ಹೊರಡುವ ಮುನ್ನ ಆ ತಾಯಿ ತನ್ನ ಕರುವನ್ನು ಒಪ್ಪಿಸಿದ್ದು ತನ್ನದೇ ದೊಡ್ಡಿಯ ಅಕ್ಕತಂಗಿಯರಿಗೆ. ತಬ್ಬಲಿಯಾಗುವ ಮಗುವಿಗೆ ಮೊದಲ ಆಸರೆ ತನ್ನವರ ನಡುವೆಯೇ ಎಂಬುದು ನಮ್ಮ ಜನಪದರಿಗೆ ತಿಳಿದಿತ್ತು.

ಇಂದು ಜಗತ್ತು ಇದೇ ನಿಲುವಿಗೆ ಬರುತ್ತಿದೆ. ಮಕ್ಕಳನ್ನು ಅನಾಥಾಲಯಗಳಿಗಾಗಿ ಸಾಗಿಸುವುದು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಆಸ್ಟ್ರೇಲಿಯದ ಸಂಸತ್ ಸಮಿತಿಯೊಂದು 2017ರಲ್ಲಿ ಗುರುತಿಸಿತು. ಅನಾಥಾಲಯಗಳಿಗೆ ಸ್ವಯಂಸೇವಕರಾಗಿ, ಪ್ರವಾಸಿಗರಾಗಿ ಹೋಗುವುದರಿಂದ ಆಗುವ ಹಾನಿಯನ್ನು ತಡೆಯಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2019ರ ಡಿಸೆಂಬರಿನಲ್ಲಿ ರಾಷ್ಟ್ರಗಳಿಗೆ ಕರೆನೀಡಿತು. ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವಾಗಿರಬೇಕೆಂದು ಹೇಳುತ್ತದೆ. ಅದೇ ಕಾಯಿದೆಯ 74ನೆಯ ಕಲಮು ಇಂಥ ಮಕ್ಕಳ ಗುರುತು ಬಯಲಾಗುವಂತೆ ಹೆಸರನ್ನಾಗಲಿ ಚಿತ್ರವನ್ನಾಗಲಿ ಪ್ರಕಟಿಸುವುದನ್ನು ನಿಷೇಧಿಸುತ್ತದೆ. ವಿದೇಶದ ಮಗುವಿನ ಚಿತ್ರವನ್ನು ವಾಟ್ಸ್ಯಾಪಿನಲ್ಲಿ ಹಂಚುವ ಮುನ್ನ, ನಮ್ಮ ನಾಡಿನ ಮಗುವಿಗೆ ನಮ್ಮ ಕಾನೂನು ನೀಡಿರುವ ಮರ್ಯಾದೆ ಅದಕ್ಕೂ ಸಲ್ಲಬೇಡವೇ ಎಂದು ಯೋಚಿಸೋಣ.

ನಮ್ಮ ಧರ್ಮಕೇಂದ್ರದ ಒಂದು ಕುಟುಂಬವು ಆಗ್ನೇಯ ಏಷ್ಯದ ಪ್ರವಾಸದಿಂದ ಮರಳಿ, ಅಲ್ಲಿ ತಾವು ಕಂಡ ಮಕ್ಕಳ ಮನೆಯೊಂದಕ್ಕಾಗಿ ಭಾನುವಾರದ ಬಲಿಪೂಜೆಯ ಬಳಿಕ ನಿಧಿ ಸಂಗ್ರಹಿಸಲು ನಮ್ಮ ಅನುಮತಿ ಕೇಳಿತು. ನಾವು ಬೇಡವೆನ್ನಲಿಲ್ಲ, ಮೂರು ಪ್ರಶ್ನೆಗಳನ್ನು ಅಲ್ಲಿಗೆ ಬರೆದು ಕೇಳಿರೆಂದೆವು. ಎಷ್ಟು ಮಕ್ಕಳಿಗೆ ತಂದೆ ಅಥವಾ ತಾಯಿ ಇದ್ದಾರೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಅಪರಿಚಿತರು ಮಕ್ಕಳ ಬಳಿಗೆ ಬರುವುದಕ್ಕೆ ಯಾವ ನಿಯಮಗಳಿವೆ? ಉತ್ತರ ಬೇಗನೆ ಬಂದಿತು. ಅದರಲ್ಲಿ ಬ್ಯಾಂಕ್ ಖಾತೆಯ ಸಂಖ್ಯೆ ಮತ್ತೊಮ್ಮೆ ಇತ್ತು, ಹೊಸ ಛಾಯಾಚಿತ್ರಗಳಿದ್ದವು, ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಆ ಕುಟುಂಬದ ಹತ್ತನೆಯ ತರಗತಿಯ ಮಗಳು ಪತ್ರವನ್ನು ಎರಡು ಬಾರಿ ಓದಿ, ಹಾಗಾದರೆ ಅಂದು ನನ್ನ ಕೈ ಬಿಡದೆ ಹಿಡಿದುಕೊಂಡಿದ್ದ ಹುಡುಗಿಗೆ ಅಮ್ಮ ಇದ್ದಾಳೆಯೇ ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. ಆ ಮಗು ಕೇಳಿದ ಪ್ರಶ್ನೆಯನ್ನು ದೊಡ್ಡವರಾದ ನಾವೆಲ್ಲ ಪ್ರವಾಸಕ್ಕೆ ಹೊರಡುವ ಮೊದಲೇ ಕೇಳಿಕೊಳ್ಳಬೇಕಾಗಿದೆ.

ಹಾಗಾದರೆ ನಾವು ಮಾಡಬಹುದಾದುದೇನು? ಪ್ರವಾಸದ ಸಂಘಟಕರು ಅನಾಥಾಲಯದ ಭೇಟಿಯನ್ನು ಕಾರ್ಯಕ್ರಮದಲ್ಲಿ ಸೇರಿಸಿದ್ದರೆ ಅದನ್ನು ತೆಗೆದುಹಾಕಲು ಹೇಳಿರಿ. ಕಾರಣವನ್ನೂ ಹೇಳಿರಿ, ಏಕೆಂದರೆ ಬೇಡಿಕೆ ನಿಂತಾಗ ಮಾತ್ರ ಪೂರೈಕೆ ನಿಲ್ಲುತ್ತದೆ. ಮಕ್ಕಳಿಗೆ ಬೀದಿಯಲ್ಲಿ ಹಣ ಕೊಡುವ ಬದಲು, ಅವರ ತಂದೆತಾಯಿಗಳು ಮಾರುವ ವಸ್ತುವನ್ನು ಚೌಕಾಸಿ ಮಾಡದೆ ಕೊಂಡುಕೊಳ್ಳಿರಿ. ಯುವಕ ಯುವತಿಯರು ಸೇವೆಗೆಂದು ಹೊರದೇಶಕ್ಕೆ ಹೋಗಬಯಸಿದರೆ, ಮಕ್ಕಳ ಲಾಲನೆಯ ಕೆಲಸವನ್ನು ಬಿಟ್ಟು ತಮ್ಮ ವಿದ್ಯೆಗೆ ತಕ್ಕ ಬೇರೆ ಕೆಲಸವನ್ನು ಹುಡುಕಲಿ. ತರಬೇತಿಯಿಲ್ಲದ ಇಪ್ಪತ್ತರ ಹರೆಯದವರನ್ನು ನಮ್ಮ ಊರಿನ ಶಾಲೆಗೂ ಎರಡು ವಾರದ ಉಪಾಧ್ಯಾಯರನ್ನಾಗಿ ನಾವು ಸೇರಿಸಿಕೊಳ್ಳಲಾರೆವು. ದಾನ ಮಾಡಬಯಸುವವರು ನಾವು ಮೇಲೆ ಹೇಳಿದ ಮೂರು ಪ್ರಶ್ನೆಗಳನ್ನು ಕೇಳಿ, ಕುಟುಂಬಗಳನ್ನು ಒಗ್ಗೂಡಿಸುವ ಸಂಸ್ಥೆಗಳಿಗೆ ಕೊಡಲಿ.

ನಮ್ಮ ಊರಿಗೂ ಈ ಮಾತು ಸಲ್ಲುತ್ತದೆ. ಹುಟ್ಟುಹಬ್ಬದ ದಿನ ಹತ್ತಿರದ ಮಕ್ಕಳ ಮನೆಗೆ ಕೇಕ್ ಒಯ್ಯುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ತನ್ನ ಹುಟ್ಟಿದ ದಿನವೇ ತಿಳಿಯದ ಮಗುವು ಬೇರೊಬ್ಬರ ಮಗುವಿಗೆ ಚಪ್ಪಾಳೆ ತಟ್ಟುವಾಗ ಅದರ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂದು ಯೋಚಿಸಿರಿ. ಆ ಹಣವನ್ನು ಮೌನವಾಗಿ ಕಚೇರಿಗೆ ತಲುಪಿಸಬಹುದು. ಅದಕ್ಕಿಂತಲೂ ಮಿಗಿಲಾದುದು ಇನ್ನೊಂದಿದೆ. ನಿಮ್ಮ ಬೀದಿಯಲ್ಲಿಯೇ ಗಂಡನನ್ನು ಕಳೆದುಕೊಂಡು ಎರಡು ಮಕ್ಕಳನ್ನು ಯಾವುದಾದರೂ ಆಶ್ರಮಕ್ಕೆ ಸೇರಿಸಲೇ ಎಂದು ಯೋಚಿಸುತ್ತಿರುವ ತಾಯಿಯೊಬ್ಬಳಿರಬಹುದು. ಅಂಥ ಮಕ್ಕಳು ಮನೆಯಲ್ಲಿಯೇ ಬೆಳೆಯಲೆಂದು ಸರಕಾರವು ‘ಮಿಷನ್ ವಾತ್ಸಲ್ಯ’ ಯೋಜನೆಯಡಿ, ನಿಗದಿತ ಅರ್ಹತೆಯುಳ್ಳವರಿಗೆ, ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವವನ್ನು 2022ರ ಮಾರ್ಗಸೂಚಿಯಲ್ಲಿ ನಿಗದಿಪಡಿಸಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಲು ಅವಳೊಡನೆ ಹೋಗಿ ಸರದಿಯಲ್ಲಿ ನಿಲ್ಲುವುದು ನಮ್ಮ ವಿನ್ಸೆಂಟ್ ದೆ ಪಾಲ್ ಸಭೆಗಳವರಿಗೆ ಅಸಾಧ್ಯವೇನಲ್ಲ. ಆ ಸರದಿಯಲ್ಲಿ ನಿಂತವರ ಚಿತ್ರವನ್ನು ಯಾರೂ ತೆಗೆಯುವುದಿಲ್ಲ.

ಪ್ರಿಯ ಓದುಗರೇ, ಮಕ್ಕಳನ್ನು ತನ್ನ ಬಳಿಗೆ ಬರಗೊಡಿರೆಂದು ಪ್ರಭು ಹೇಳಿದಾಗ, ಆ ಮಕ್ಕಳನ್ನು ಎತ್ತಿಕೊಂಡು ಬಂದವರು ಅವರ ಮನೆಯವರೇ ಇದ್ದಿರಬೇಕು. ಆಶೀರ್ವಾದ ಪಡೆದ ಬಳಿಕ ಅವರು ತಮ್ಮ ಮಕ್ಕಳನ್ನು ಎತ್ತಿಕೊಂಡು ಮನೆಗೆ ಹೋಗಿರಬೇಕು. ಬಡವನ ಮಗುವಿಗೂ ಹೋಗಲು ಒಂದು ಮನೆಯಿರಲಿ, ಸಂಜೆ ಕಾಯಲು ಒಬ್ಬ ತಾಯಿಯಿರಲಿ ಎಂದು ದುಡಿಯುವುದೇ ನಾವು ಅದಕ್ಕೆ ಸಲ್ಲಿಸಬಹುದಾದ ನಿಜವಾದ ಭೇಟಿ. ಅದಕ್ಕೆ ವಿಮಾನ ಏರಬೇಕಾಗಿಲ್ಲ.